ಗಂಟು

ಜನವರಿ ಅಂದರೆ ನಮ್ಮ ತೆಂಕಣ ಬ್ರೆಜಿಲಿನ ಗುಡ್ಡಗಳಲ್ಲಿ ಬಿರುಬೇಸಿಗೆ,
ಹೊಗೆಸೊಪ್ಪಿನ ಕೊಯ್ಲಿಗೆ ಕೊನೆಯ ವಾರ.
ಸ್ಕೂಟರಿನ ಹಿಂದೆ ಒಂದು ಕಟ್ಟು ಅರ್ಜಿ, ನಲವತ್ತು ಟೋಪಿ.
ಹಸಿರು ಟೋಪಿ, ಹಣೆಯ ಮೇಲೆ ಹಳದಿ ದಾರದ ಎಲೆ.
ಸದಸ್ಯರಾದವರಿಗೆ ಒಂದು.
ನನಗೆ ತಲೆಗೆ ಎರಡು ರೆಯಾಲ್,
ಮುನ್ನೂರು ದಾಟಿದರೆ ಮೂರು.

ಸಂಘದ ಕಚೇರಿಯಲ್ಲಿ ದೋನ ಇಲ್ಗ ಹೇಳಿಕೊಟ್ಟಿದ್ದರು:
ಮೊದಲು ಮಳೆ ವಿಚಾರಿಸು, ಆಮೇಲೆ ಆಲಿಕಲ್ಲು.
ಆಲಿಕಲ್ಲಿನ ಮಾತು ಬಂದರೆ
ಪೆನ್ನು ತಾನಾಗಿ ಕೈಗೆ ಬರುತ್ತೆ.
ಕಂಪನಿಯ ಹೆಸರೆತ್ತಬೇಡ.
ರಾಜಧಾನಿಯವರನ್ನು ಬೈದರೆ ಒಂದು ಸಲ ದನಿಗೂಡಿಸು,
ಎರಡು ಸಲ ಬೇಡ.
ಬುರುಡೆಯಲ್ಲಿ ಕೊಟ್ಟ ಕಷಾಯ, ಕಹಿಯಾದರೂ, ಪೂರ್ತಿ ಕುಡಿ.

ಕುಡಿದೆ. ಬೆಳಗಿನಿಂದ ಹನ್ನೊಂದು ಮನೆ, ಹನ್ನೊಂದು ಬುರುಡೆ.
ಹೊಟ್ಟೆಯೊಳಗೊಂದು ಕೆರೆ ತುಳುಕುತ್ತ
ಗುಡ್ಡ ಹತ್ತಿಳಿದೆ.

ಎದ್ವಿನೊ ಕ್ಲಾಫ್ಕೆ ಓದದೆ ಸಹಿ ಹಾಕಿದ.
ಅವನ ಮಾವ, ಕನ್ನಡಕ ಸಿಗಲಿಲ್ಲವೆಂದು,
ಇರಲಿ ಅಂತ ಎರಡು ಕಡೆ ಹಾಕಿದ.
ತೆರೆಜಿಲ್ಯ ಇನ್ನೊಂದು ಟೋಪಿ ಕೇಳಿದಳು, ಬೆದರುಬೊಂಬೆಗೆ.
ಯಾರಪ್ಪನ ಗಂಟು? ಕೊಟ್ಟೆ.
ಒಬ್ಬ ನಾಯಿ ಬಿಟ್ಟ.
ಅರ್ನಿಲ್ದೊ ಕೇಳಿದ: ನೀನು ಸೇದ್ತೀಯಾ?
ಇಲ್ಲ, ಅಂದೆ.
ನಾನೂ ಇಲ್ಲ, ಅಂದ.
ಇಬ್ಬರೂ ನಕ್ಕೆವು. ಆ ನಗು
ಒಳಗೂ ಹೋಗದೆ ಹೊರಗೂ ಹೋಗದೆ
ಹೊಸ್ತಿಲಲ್ಲೇ ನಿಂತಿತು.

ದಾರಿ ಮುಗಿಯುವಲ್ಲಿ ಲೊಯ್ವ ಶ್ವಾಂಟಿಸ್ ಮನೆ.
ಕತ್ತಲಾಗುತ್ತಿತ್ತು. ಎಲೆ ಬೇಯಿಸುವ ಗೂಡಿನ ಬಾಗಿಲಲ್ಲಿ
ಬೆಂಕಿಯ ಬೆಳಕಿಗೆ ಕೂತು ಕಡ್ಡಿಗೆ ಕಟ್ಟುತ್ತಿದ್ದಳು:
ಎಡಕ್ಕೆರಡೆಲೆ, ಬಲಕ್ಕೆರಡೆಲೆ, ನಡುವೆ ದಾರ,
ಒಂದು ಬಿಗಿತ.
ಅಂಗೈ ತುಂಬ ಕಪ್ಪು ಅಂಟು,
ಹುಳಿಕಾಯಿ ಉಜ್ಜಿದರೂ ಬಿಡದ್ದು.
ಮಗಳು ಇಬ್ಬನಿಯಲ್ಲಿ ಎಲೆ ಮುರಿದು, ವಾಂತಿಯಾಗಿ ಮಲಗಿದ್ದಳು.
"ಎಲೆ ಹತ್ತಿದೆ," ಅಂದಳು ಲೊಯ್ವ,
ದೃಷ್ಟಿ ತಾಗಿದೆ ಅನ್ನುವ ಹಾಗೆ.

ಮಳೆ ವಿಚಾರಿಸಿದೆ. ಆಲಿಕಲ್ಲು ಅಂದೆ.
ಅಕ್ಟೋಬರಿನಲ್ಲಿ ಬಿದ್ದದ್ದು ಇವಳ ಹೊಲಕ್ಕಷ್ಟೇ ಅಂತೆ,
ಬೇಲಿಯಾಚೆ ಕ್ಲಾಫ್ಕೆಯ ಗಿಡ
ಮದುವೆ ಗಂಡಿನಂತೆ ನಿಂತಿತ್ತಂತೆ.

ಅರ್ಜಿ ಇಸಕೊಂಡಳು. ಓದಿದಳು.
ಇಡೀ ದಿನದಲ್ಲಿ ಓದಿದ್ದು ಇವಳೊಬ್ಬಳೇ.
ಮುಂದಿನ ಪುಟದಲ್ಲಿ ವಿಮೆ.
ಹಿಂದಿನ ಪುಟದಲ್ಲಿ ಇರುವೆ ಸಾಲಿನ ಅಕ್ಷರ:
ನಾವು ಸಿಗರೇಟಿನ ತೆರಿಗೆಯನ್ನು ವಿರೋಧಿಸುತ್ತೇವೆ.
ನಾವು ಎಚ್ಚರಿಕೆಯ ಚಿತ್ರಗಳನ್ನು ವಿರೋಧಿಸುತ್ತೇವೆ.
ನಾವು, ಎಲೆಯನ್ನೇ ನಂಬಿದ ಕುಟುಂಬಗಳು...

ಬೆರಳಿಟ್ಟಳು, ಪದದ ಮೇಲೆ.
"ಈ ನಾವು ಯಾರು?"

ನಮ್ಮ ಪೋರ್ಚುಗೀಸಿನಲ್ಲಿ
ನಾವು ಅಂದರೂ ಗಂಟುಗಳು ಅಂದರೂ ಕಿವಿಗೆ ಒಂದೇ: ನೋಸ್.
"ಗಂಟು ಅಂದರೆ ನನಗೆ ಗೊತ್ತು," ಅಂದಳು.
"ಕಡ್ಡಿಗೆ ಐವತ್ತು. ರಾತ್ರಿಗೆ ಅರವತ್ತು ಕಡ್ಡಿ.
ಓದಿದವನು, ಲೆಕ್ಕ ಹಾಕು."

ಹಾಕಿದೆ. ಹೇಳಲಿಲ್ಲ.

"ವಿಮೆಗೆ ಮಾತ್ರ ಸಹಿ ಹಾಕ್ತೀನಿ,
ಹಿಂದಿನ ಪುಟ ನೀನು ಹರಕೊಂಡು ಹೋಗು."
"ಒಂದೇ ಹಾಳೆ, ದೋನ ಲೊಯ್ವ. ಎರಡು ಮಗ್ಗುಲು."
ತಿರುಗಿಸಿದಳು. ಮತ್ತೆ ತಿರುಗಿಸಿದಳು,
ದೋಸೆ ಬೆಂದಿದೆಯೇ ನೋಡುವವಳ ಹಾಗೆ.
ಗೂಡಿನೊಳಗೆ ಒಂದು ಕೊಳ್ಳಿ ಕುಸಿಯಿತು.
ಎದ್ದು ಸೌದೆ ಒಟ್ಟಿ, ಶಾಖ ನೋಡಿ,
ಬಂದು ಕೂತು
ಸಹಿ ಹಾಕಿದಳು.

ಟೋಪಿ ಬೇಡ ಅಂದಳು.
"ನನಗೆ ಬೇಕು," ಒಳಗಿಂದ ಮಗಳ ದನಿ,
ಇನ್ನೂ ತೊದಲುತ್ತಿದ್ದದ್ದು.

ಮರುದಿನ ಕಚೇರಿಯಲ್ಲಿ ದೋನ ಇಲ್ಗ
ಬೆರಳು ನೆಕ್ಕಿ ನೆಕ್ಕಿ ಅರ್ಜಿ ಎಣಿಸಿದರು.
ಒಂದು ಕಡೆ ನಿಂತರು. ಕನ್ನಡಕ ಏರಿಸಿದರು.
ಉಗುರಿನಿಂದ ಅಂಚು ಕೆದಕಿದರು, ಮೂಸಿದರು.

"ಇದು ಒಂದಾ, ಎರಡಾ?"

"ಎರಡು," ಅಂದೆ.
"ಅಂಟಿಕೊಂಡಿವೆ."